ಆಟದ ಹಿಂದಿನ ಪೇಟಿ: ಟೇಬಲ್‌ಟಾಪ್ ಆರ್‌ಪಿಜಿ ಆಡುವಾಗ ಮ್ಯೂಸಿಕ್ ಹಚ್ಚೋದರ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಐದು ಮಂದಿ ರವಿವಾರ ಸಂಜೀಮುಂದ ಹುಬ್ಬಳ್ಳಿ ವಿದ್ಯಾನಗರದಾಗ ಒಬ್ಬ ಗೆಳೆಯನ ಮನಿ ಮಹಡಿ ಮ್ಯಾಲ ಕೂತು ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಪಾತ್ರ ಹಾಕಿ ಆಡೋ ಆಟ) ಆಡತೀವಿ. ಇಬ್ಬರು ಧಾರವಾಡದಿಂದ ಚಿಗರಿ ಬಸ್ ಹಿಡಕೊಂಡು ಬರತಾರ, ಒಬ್ಬಾಕಿ ಗದಗದಿಂದ ಟ್ರೇನಿಗೆ. ಗೇಮ್ ಮಾಸ್ಟರ್ ನಾನ, ಸ್ಪೀಕರ್ ನಂದ, ಬೈಸಿಕೊಳ್ಳಾವನೂ ನಾನ. ಹೊಸದಾಗಿ ಟೇಬಲ್ ಚಾಲೂ ಮಾಡಿದ ಹುಡುಗರು ಮ್ಯೂಸಿಕ್ ಏನ ಹಚ್ಚತೀರಿ, ಹೆಂಗ ಹಚ್ಚತೀರಿ ಅಂತ ಕೇಳತಿರತಾರ, ಒಬ್ಬೊಬ್ಬರಿಗೂ ವಾಟ್ಸಾಪಿನ್ಯಾಗ ಅದನ್ನ ಅದನ್ನ ಟೈಪ್ ಮಾಡಿ ಬೆರಳ ಸವದಾವ, ಅದಕ್ಕ ಒಮ್ಮೆ ಎಲ್ಲಾ ಇಲ್ಲೆ ಬರದಬಿಟ್ಟೇನಿ.

ಇದೇನ ಆಟ? ನಂಗ ಗೊತ್ತಿಲ್ಲ, ಮೊದಲ ಅದನ್ನ ಹೇಳ್ರಿ.

ಟೇಬಲ್ ಸುತ್ತ ಕೂತು ಬಾಯಿಲೆ ಕಥಿ ಕಟ್ಟಿ ಆಡೋ ಆಟ. ಒಬ್ಬಾವ ಗೇಮ್ ಮಾಸ್ಟರ್, ಊರು, ಕಾಡು, ರಾಕ್ಷಸ, ಕಿರಾಣಿ ಅಂಗಡಿ ಅಜ್ಜ ಎಲ್ಲಾ ಅವನ ಆಗತಾನ. ಉಳದವರು ಒಬ್ಬೊಬ್ಬರು ಒಂದೊಂದು ಪಾತ್ರ. ಮಾಡಿದ್ದು ಆತೋ ಇಲ್ಲೋ ಅನ್ನೋದನ್ನ ದಾಳ ಹೇಳತೈತಿ. 1974ರಾಗ ಅಮೆರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು, ಈ ಜಾತಿ ಆಟ ಅಲ್ಲಿಂದ ಹಬ್ಬಿದ್ದು. ನಮ್ಮ ಮಂದಿಗೆ ತಿಳಿಸೋದು ಭಾಳ ಸರಳ ಐತಿ, ಬರದ ಮಾತಿಲ್ಲದ ಸಣ್ಣಾಟ (ನಮ್ಮ ಕಡೆ ಹಳ್ಳಿ ನಾಟಕ), ನೋಡಾವರು ಯಾರೂ ಇಲ್ಲ, ಎಲ್ಲಾರೂ ಪಾತ್ರಧಾರಿಗಳ ಅಂದ್ರ ನಮ್ಮವ್ವನಿಗೂ ತಿಳೀತು.

ಮ್ಯೂಸಿಕ್ ಖರೇನ ಬೇಕಾ?

ಬೇಕ ಬೇಕಂತೇನಿಲ್ಲ. ದಾಳ, ಪೆನ್ಸಿಲ್, ಒಂದ ಪ್ಲೇಟ್ ಗಿರ್ಮಿಟ್ ಇದ್ದರ ಆಟ ನಡೀತೈತಿ. ಆದ್ರ ಮನ್ಯಾಗ ಆಡುವಾಗ ಕೆಳಗ ಟಿವಿ ಸಪ್ಪಳ, ಹೊರಗ ಗಾಡಿ ಹಾರ್ನ್, ಕುಕ್ಕರ್ ಸೀಟಿ ಇವೆಲ್ಲಾ ಹೆಂಗೂ ಇರತಾವ, ನೀವ ಒಂದ ಸಪ್ಪಳ ಆರಿಸಿ ಹಚ್ಚಿದ್ರ ಇವು ತುಸು ಹಿಂದ ಸರೀತಾವ. ನಾ ಮ್ಯೂಸಿಕ್ ಚಾಲೂ ಮಾಡಿದ್ದ ಕುಕ್ಕರ್ ಕಾಟಕ್ಕ.

ಆದ್ರ ಹೆಂಗ ಹಚ್ಚಬೇಕು ಅನ್ನೋದನ್ನ ಕಲಿಸಿದ್ದು ಬ್ಯಾರೇನ. ಕಂಪನಿ ನಾಟಕದಾಗ ಸ್ಟೇಜಿನ ಮುಂದ ಕೆಳಗ ಕಾಲಪೇಟಿ (ಕಾಲಿಲೆ ಗಾಳಿ ಹಾಕೋ ಹಾರ್ಮೋನಿಯಂ) ಇಟಗೊಂಡು ಪೇಟಿ ಮಾಸ್ತರ ಕೂಡ್ರತಿದ್ದ. ಕೈ ಪೇಟಿ ಮ್ಯಾಲ, ಕಣ್ಣು ಮಾತ್ರ ಸ್ಟೇಜಿನ ಮ್ಯಾಲ. ಪಾತ್ರಧಾರಿ ಮಾತು ಎಳದ್ರ ಇವನೂ ಸ್ವರ ಎಳಿಯಾವ, ಅವ ಮಾತ ಮರತು ನಿಂತ್ರ ಇನ್ನೊಂದು ಸುತ್ತು ತಿರುಗಿಸಿ ಅವನ ಮಾನ ಉಳಸಾವ, ಮಂದಿ ಒನ್ಸ್ ಮೋರ್ ಅಂದ್ರ ಮತ್ತ ಶುರು ಹಚ್ಚಾವ. ಟೇಬಲ್ ಮ್ಯಾಲ ಸ್ಪೀಕರ್ ಹಿಡದವನ ಕೆಲಸಾನೂ ಇಷ್ಟ ನೋಡ್ರಿ. ಮೂರು ತಾಸಿನ ಯುದ್ಧದ ಮ್ಯೂಸಿಕ್ ಒಂದ ವಿಡಿಯೋ ಹಚ್ಚಿ ಮೊಬೈಲ್ ಬೋರಲ ಹಾಕಿ ಕೂತ್ರ, ಮದಿವಿ ಮನ್ಯಾಗ ಊಟದ ಹೊತ್ತಿಗೆ ಹಚ್ಚಿದ ಹಾಡಿನಗತೆ ಆಗತೈತಿ, ಯಾರಿಗೂ ಸಂಬಂಧಿಲ್ಲ.

ನಾ ಮೊದಲ ಆರು ತಿಂಗಳ ಹಂಗ ಮಾಡಿದ್ದು. ಒಮ್ಮೆ ಕಥಿಯಾಗ ಒಬ್ಬ ಮುದುಕಿ ಸಾಯಾಕತ್ತಾಳ, ಪ್ಲೇಯರ್ ಒಬ್ಬಾವ ಆಕಿ ಕೈ ಹಿಡದು ಕೂತಾನ, ಆಕಿ ಕಳದುಹೋದ ಮಗನ ಹೆಸರು ಹೇಳಬೇಕು, ನಾ ದನಿ ಸಣ್ಣ ಮಾಡಿ "ಅವನ ಹೆಸರು…" ಅನ್ನೋದ ತಡಾ, ಸ್ಪೀಕರಿನ್ಯಾಗ ಕಹಳಿ, ನಗಾರಿ, ಐವತ್ತು ಮಂದಿ ಕೋರಸ್. ಮುದುಕಿ ಸತ್ತಳು, ಹೆಸರು ಯಾರಿಗೂ ಕೇಳಿಸಲಿಲ್ಲ, ಎಲ್ಲಾರೂ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ಈಗೂ ಯಾರರ ಸೀರಿಯಸ್ ಮಾತ ಶುರು ಮಾಡಿದ್ರ ನಮ್ಮೊಳಗ ಒಬ್ಬಾವ ಬಾಯಿಲೆ ಕಹಳಿ ಊದತಾನ.

ದನಿ ಎಷ್ಟ ಇಡಬೇಕು?

ದಾಳ ಬಿದ್ದ ಸಪ್ಪಳ ಕೇಳಬೇಕು, ಅಷ್ಟ. ಅಂದಾಜು ಹೇಳಾಕತ್ತಿಲ್ಲ, ಪ್ರತಿ ಸೆಶನ್ ಶುರು ಆಗೋಕಿಂತ ಮೊದಲ ಮಾಡತೀನಿ: ಮ್ಯೂಸಿಕ್ ಹಚ್ಚಿ, ಟೇಬಲ್ ಆ ತುದಿಗೆ ಕೂತಾವನಿಗೆ ದಾಳ ಒಗಿ ಅನ್ನೋದು, ಈ ತುದಿಗೆ ಕೂತ ನಂಗ ಅದು ಉರುಳಿದ್ದು ಕೇಳಿಸ್ತೈತೇನು ನೋಡೋದು. ಕೇಳಿಸಲಿಲ್ಲ ಅಂದ್ರ ಇಳಸ್ರಿ. ಮಂದಿ ಮ್ಯೂಸಿಕ್ ಮೀರಿ ಮಾತಾಡಾಕ ದನಿ ಏರಸತಾರ, ದನಿ ಏರಿದ್ದಕ್ಕ ಮ್ಯೂಸಿಕ್ ಕೇಳಿಸವಲ್ದು ಅಂತ ನೀವು ಇನ್ನಷ್ಟ ಏರಸತೀರಿ, ಅರ್ಧ ತಾಸಿನ್ಯಾಗ ಜನತಾ ಬಜಾರ್ ಆಗಿರತೈತಿ.

ಸ್ಪೀಕರ್ ಟೇಬಲ್ ಮ್ಯಾಲ ಇಡಬ್ಯಾಡ್ರಿ. ಕಟಗಿ ಟೇಬಲ್ ತಾನ ಗುಂಯ್ ಅಂತೈತಿ, ಮತ್ತ ಹತ್ತರ ಕೂತಾವನ ಕಿವಿಗೆ ಹೆಚ್ಚು, ದೂರ ಕೂತಾವನಿಗೆ ಕಡಿಮಿ. ನಾವು ಖೋಲಿ ಮೂಲ್ಯಾಗ ಒಂದ ಸ್ಟೂಲಿನ ಮ್ಯಾಲ ಗೋಡಿ ಕಡೆ ಮಾರಿ ಮಾಡಿ ಇಡತೀವಿ, ಸಪ್ಪಳ ಗೋಡಿಗೆ ಹತ್ತಿ ತಿರುಗಿ ಬರತೈತಿ, ಎಲ್ಲಿಂದ ಬಂತು ಅಂತ ಗೊತ್ತಾಗಂಗಿಲ್ಲ. ಗೇಮ್ ಮಾಸ್ಟರ್ ಹಿಂದಂತೂ ಇಡಲೇಬ್ಯಾಡ್ರಿ, ಅವನ ಮಾತು ಅದೂ ಒಂದ ದಿಕ್ಕಿನಿಂದ ಬಂದ್ರ ಕಿವಿಗೆ ಬೇರ್ಪಡಿಸೋದು ಕಷ್ಟ. ಮಳಿಗಾಲದಾಗ ತಗಡಿನ ಕೆಳಗ ಆಡಾವರಿದ್ರ ಮ್ಯೂಸಿಕ್ ಮರತುಬಿಡ್ರಿ, ಕಥಿಯೊಳಗೂ ಮಳಿ ತರಸ್ರಿ.

ಸಾಹಿತ್ಯ ಇರೋ ಹಾಡು ನಡೀತಾವೇನ್ರಿ?

ಇಲ್ಲ. ತಿಳಿಯೋ ಭಾಷಾದಾಗ ಯಾರರ ಹಾಡಿದ್ರ ಕಿವಿ ಅತ್ಲಾಗ ಹೋಗೇ ಹೋಗತೈತಿ, ನೀವು ಆಡೋದೂ ಮಾತಿನ ಆಟ, ಎರಡೂ ಒಂದ ಬಾಗಲದಾಗ ತೂರಿಕೊಂಡು ಬರಾಕ ನೋಡತಾವ. ಕನ್ನಡ ಸಿನಿಮಾ ಹಾಡಂತೂ ಬ್ಯಾಡೇ ಬ್ಯಾಡ, ಮೊದಲ ಸಾಲಿಗೆ ಒಬ್ಬಾವ ಗುನುಗತಾನ, ಎರಡನೇ ಸಾಲಿಗೆ ಎಲ್ಲಾರೂ, ಚರಣಕ್ಕ ಬರೋದರಾಗ ಯಾವ ಗುಹಾದಾಗ ಇದ್ವಿ ಅನ್ನೋದ ಮರತಿರತೈತಿ. ತಿಳಿಯದ ಭಾಷಾದ್ದು, ಇಲ್ಲಾಂದ್ರ ಬರೇ ಆಕಾರದಾಗ ಹಾಡಿದ್ದು ಇದ್ದರ ಒಂದೊಂದ ಕಡೆ ಚಂದ ಒಗ್ಗತೈತಿ.

ಧಾರವಾಡದಾಗ ಇದ್ದು ವಿಲಾಯತಿ ಆರ್ಕೆಸ್ಟ್ರಾನ ಯಾಕ? ನಮ್ಮ ರಾಗ ಹಚ್ಚಬಾರದೇನು?

ಇದನ್ನ ಕೇಳದವರ ಇಲ್ಲ, ಕೇಳೋದೂ ಬರೋಬ್ಬರಿ ಐತಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇದ್ದ ಊರು ಧಾರವಾಡ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಾಗ, ಅವರ ಗುರು ಸವಾಯಿ ಗಂಧರ್ವರು ಇಲ್ಲೇ ಕುಂದಗೋಳದವರು, ಭೀಮಸೇನ ಜೋಶಿ ಹುಟ್ಟಿದ್ದು ಗದಗ ಜಿಲ್ಲಾದ ರೋಣದಾಗ, ಗದಗದಾಗ ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ. ಇಷ್ಟ ಇಟಗೊಂಡು ನಾವು ಯಾವದೋ ದೇಶದ ಪಿಟೀಲು ಹಚ್ಚತೀವಂದ್ರ ನಾಚಿಕಿ ಬರಬೇಕು, ನಂಗೂ ಬಂತು, ಹಚ್ಚಿದೆ.

ಹಚ್ಚಿದ ಮ್ಯಾಲ ಎರಡು ತೊಂದರಿ. ಮೊದಲನೇದು ಖ್ಯಾಲ್ ಅನ್ನೋ ಹಿಂದೂಸ್ತಾನಿ ಗಾಯನ ಹಿಮ್ಮೇಳ ಆಗಾಕ ಒಪ್ಪಂಗಿಲ್ಲ. ದೊಡ್ಡ ಗವಾಯಿಗಳ ದನಿ ಕೇಳಿದ ಕೂಡಲೇ ಮಂದಿ ಸುಮ್ಮನಾಗಿ ಅದನ್ನ ಕೇಳಾಕ ಶುರು ಮಾಡತಾರ, ನಮ್ಮ ಕಥಿ ಅದರ ಮುಂದ ಏನೂ ಅಲ್ಲ.

ಎರಡನೇದು ವ್ಯಾಳೆ. ಒಂದ ರವಿವಾರ ರಾತ್ರಿ ಒಂಬತ್ತೂವರಿ ಆಗಿತ್ತು, ಕಥಿಯಾಗ ಸುಡಗಾಡದ ಸೀನು, ಯಾವದೋ ಸಿತಾರ್ ಟ್ರ್ಯಾಕ್ ದುಃಖದ್ದು ಅನಿಸ್ತು, ಹಚ್ಚಿದೆ. ಐದ ನಿಮಿಷಕ್ಕ ಕೆಳಗಿನಿಂದ ಗೆಳೆಯನ ಕಾಕಾ ಮೆಟ್ಟಲ ಏರಿ ಬಂದ್ರು, ಕೈಯಾಗ ನೀರಿನ ತಂಬಗಿ, ಬಾಗಲದಾಗ ನಿಂತು ತುಸು ಕೇಳಿದ್ರು. "ತಮ್ಮಾ, ಇದ ತೋಡಿ ಅಲ್ಲೇನೋ?" ನಾ ಮೊಬೈಲ್ ನೋಡಿ ಹೌದ್ರಿ ಕಾಕಾ ಅಂದೆ. "ಮುಂಜಾನಿ ರಾಗ. ಊಟ ಆಗಿ ಮಲಗೋ ಹೊತ್ತಿನ್ಯಾಗ ಮುಂಜಾನಿ ಮಾಡಾಕತ್ತೀರಲ್ಲೋ." ಸುಡಗಾಡ ಸುಡಗಾಡದಾಗ ಉಳೀತು, ಕಾಕಾ ಕುರ್ಚಿ ಎಳಕೊಂಡು ಕೂತು ಒಂದ ತಾಸು ಯಾವ ರಾಗ ಯಾವಾಗ ಅಂತ ಹೇಳಿದ್ರು, ನಾನು ಕ್ಯಾರೆಕ್ಟರ್ ಶೀಟಿನ (ಪಾತ್ರದ ವಿವರ ಬರಿಯೋ ಹಾಳಿ) ಹಿಂದ ಬರಕೊಂಡೆ. ಆ ಶೀಟ್ ಇನ್ನೂ ಐತಿ, ಅದರ ಮ್ಯಾಲ ನಡದೈತಿ ನಮ್ಮ ಸಂಸಾರ.

ಈಗ ಹೊತ್ತು ತೋರಸಾಕ ರಾಗಾನ ಬಳಸತೀವಿ. ಕಥಿಯಾಗ ಬೆಳಗಾತು ಅಂದ್ರ ಭೈರವ, ಮಧ್ಯಾಹ್ನದ ಪ್ರಯಾಣಕ್ಕ ಭೀಮಪಲಾಸ, ದೀಪ ಹಚ್ಚೋ ಹೊತ್ತಿಗೆ ಯಮನ, ನಡುರಾತ್ರಿ ಅರಮನಿ ಇದ್ದರ ದರಬಾರಿ. ಎರಡು ತಿಂಗಳಾದ ಮ್ಯಾಲ ಪ್ಲೇಯರ್‌ಗಳು ಹೊತ್ತೆಷ್ಟಾತು ಅಂತ ಕೇಳೋದ ಬಿಟ್ಟರು. ಮಾರವಾ ಹೊತ್ತು ಮುಣಗೋ ರಾಗ, ಅದರಾಗ ಪಂಚಮ (ಪ) ಇಲ್ಲ, ಷಡ್ಜದ (ಸ) ಮ್ಯಾಲೂ ಭಾಳ ಹೊತ್ತು ನಿಲ್ಲಂಗಿಲ್ಲ, ಅದಕ್ಕ ಕೇಳಾವರಿಗೆ ಕಾಲಿಗೆ ನೆಲ ಸಿಗವಲ್ದು ಅನಸತೈತಿ, ಮೋಸಗಾರ ಮಂತ್ರಿ ಜೋಡಿ ಮಾತುಕತಿಗೆ ಅದರಂಥಾದ್ದು ಇನ್ನೊಂದಿಲ್ಲ. ರಾತ್ರಿ ಮಾಲಕಂಸ ಹಾಡಿದ್ರ ದೆವ್ವ ಬರತಾವ ಅನ್ನೋ ಹಳೇ ಮಾತೂ ಐತಿ, ಹಾರರ್ ಆಡಸಾವರಿಗೆ ಇದಕ್ಕಿಂತ ಏನ ಬೇಕು. ಕಥಿಯಾಗಿನ ಹೊತ್ತು ಬ್ಯಾರೆ, ಗಡಿಯಾರದ ಹೊತ್ತು ಬ್ಯಾರೆ ಅಂತ ಕಾಕಾಗ ಒಪ್ಪಿಸಾಕ ಮಾತ್ರ ಇನ್ನೂ ಆಗಿಲ್ಲ.

ಹಂಗಾದ್ರ ಯಾವ ವಾದ್ಯ, ಯಾವ ಭಾಗ? ಒಂದ ರಾಗ ನಲವತ್ತು ನಿಮಿಷ ಇರತೈತಲ್ಲ.

ಅದ ಅದರ ಲಾಭ. ಸಿತಾರ್ ರೆಕಾರ್ಡಿಂಗ್ ಒಂದ ತಗೊಳ್ರಿ. ಮೊದಲ ಆಲಾಪ, ತಬಲಾ ಇಲ್ಲ, ತಾಳ ಇಲ್ಲ, ಸಾವಕಾಶ. ಆಮ್ಯಾಲ ಜೋಡ್, ತಬಲಾ ಇನ್ನೂ ಇಲ್ಲ, ಆದ್ರ ಲಯ ಹುಟ್ಟಿರತೈತಿ. ಆಮ್ಯಾಲ ಝಾಲಾ, ಚಿಕಾರಿ ತಂತಿ ಮ್ಯಾಲ ಚಟಚಟ ಹೊಡತ, ಎದಿ ಬಡತ ಏರತೈತಿ. ಇದು ಪೂರಾ ಒಂದ ಸೆಶನ್ ಇದ್ದಂಗ ಐತಿ ನೋಡ್ರಿ: ಕತ್ತಲದಾಗ ಕಿವಿಗೊಟ್ಟು ಹೋಗೋದು, ಬೆನ್ನ ಹತ್ತೋದು, ಬಡದಾಟ. ಪೂರಾ ರೆಕಾರ್ಡಿಂಗ್ ಬಿಟ್ಟರ ಏನಾಗತೈತಂದ್ರ ನಿಮ್ಮ ಹುಡುಗರು ಇನ್ನೂ ಬಾಗಲಿಗೆ ಕಿವಿ ಹಚ್ಚಿ ನಿಂತಿರತಾರ, ಸಿತಾರ್ ಆಗಲೇ ಝಾಲಾಕ್ಕ ಹೋಗಿ ಕೂತಿರತೈತಿ.

ಅದಕ್ಕ ನಾ ಮನಿ ಕೆಲಸಕ್ಕಂತ ಆಡಾಸಿಟಿ ಅನ್ನೋ ಫುಕಟ್ ಸಾಫ್ಟ್‌ವೇರಿನ್ಯಾಗ ಮೂರು ತುಂಡು ಮಾಡಿ ಇಟಗೊಂಡೇನಿ, ಆಲಾಪ ಒಂದ ಫೈಲ್, ಜೋಡ್ ಒಂದ, ಝಾಲಾ ಒಂದ, ಮೂರನ್ನೂ ಲೂಪ್ ಹಾಕಿ. ಮೂರೂ ಒಂದ ರಾಗ ಒಂದ ಶ್ರುತಿ ಇರೋದಕ್ಕ ಒಂದರಿಂದ ಇನ್ನೊಂದಕ್ಕ ಜಿಗದ್ರೂ ಕಿವಿಗೆ ಕುಕ್ಕಂಗಿಲ್ಲ. ಸಿನಿಮಾ ಮ್ಯೂಸಿಕ್ ತುಂಡಿನಿಂದ ತುಂಡಿಗೆ ಹೋದ್ರ ಟಿವಿ ಚಾನಲ್ ಬದಲಿ ಮಾಡಿದಂಗ ಆಗತೈತಿ, ಇಲ್ಲಿ ಹಂಗಿಲ್ಲ. ಸಿತಾರ್ ರತ್ನ ರಹಿಮತ್ ಖಾನರು ಬಂದು ನೆಲಿಸಿದ ಧಾರವಾಡದ ಪಕ್ಕ ಕೂತು ಸಿತಾರ್ ಬಿಟ್ಟು ಬ್ಯಾರೆ ಹೇಳಾಕ ನಂಗ ಧೈರ್ಯ ಇಲ್ಲ, ಸಾರಂಗಿ ಬಾನ್ಸುರಿನೂ ನಡೀತಾವ. ಸಾರಂಗಿ ಒಂದ ತುಸು ನೋಡಕೊಂಡು ಹಚ್ರಿ, ಸಾವಿನ ಮನಿ ನೆನಪಾಗತೈತಿ ಅಂತ ನಮ್ಮ ಗದಗದಾಕಿ ಎದ್ದು ಹೊರಗ ಹೋಗಿ ನಿಂತಿದ್ಲು ಒಮ್ಮೆ.

ಇಷ್ಟೆಲ್ಲಾ ಆಗಂಗಿಲ್ಲ. ಒಂದ ಸಪ್ಪಳ ಹೇಳ್ರಿ, ಹಚ್ಚಿ ಬಿಡತೀನಿ.

ತಂಬೂರಿ. ಮೊಬೈಲಿಗೆ ತಂಬೂರಿ ಆ್ಯಪ್ ಬೇಕಾದಷ್ಟ ಅದಾವ. ಇದರಾಗ ಒಂದ ಗುಟ್ಟ ಐತಿ, ಮೊದಲನೇ ತಂತಿ ಬದಲಿ ಮಾಡಾಕ ಬರತೈತಿ. ರೂಢಿಯಾಗ ಅದು ಪಂಚಮಕ್ಕ ಇರತೈತಿ, ಉಳದ ಮೂರು ಷಡ್ಜ, ಕೇಳಿದ್ರ ಮನಸ್ಸು ನಿಂದರತೈತಿ, ಊರು, ಗುಡಿ, ಮನಿ ಸೀನಿಗೆ ಹೇಳಿ ಮಾಡಿಸಿದಂಗ. ಮಧ್ಯಮಕ್ಕ (ಮ) ಇಳಿಸಿದ್ರ ಬಣ್ಣ ಬದಲಾಗತೈತಿ, ಮಾಲಕಂಸಕ್ಕ ಹಂಗ ಇಡೋದು. ನಿಷಾದಕ್ಕ (ನಿ) ತಂದ್ರಂತೂ ಸಮಾಧಾನ ಹೋಗೇಬಿಡತೈತಿ, ಏನೋ ಬಾಕಿ ಐತಿ, ಇನ್ನೂ ಏನೋ ಆಗೋದೈತಿ ಅನಸತೈತಿ. ಪ್ಲೇಯರ್‌ಗಳು ಊರಾಗ ಆರಾಮ ಕೂತು ಮಾತಾಡಾಕತ್ತಿರುವಾಗ ಟೇಬಲ್ ಕೆಳಗ ಬೆರಳಿಲೆ ಪ ತಗದು ನಿ ಮಾಡ್ರಿ, ಏನ ಬದಲಾತು ಅಂತ ಯಾರಿಗೂ ತಿಳಿಯಂಗಿಲ್ಲ, ಆದ್ರ ಒಬ್ಬಾವರ ಕತ್ತಿ ಎಲ್ಲೈತಿ ಅಂತ ಕೇಳತಾನ.

ತಂಬೂರಿ ಮ್ಯಾಲ ಇನ್ನೊಂದ ವಾದ್ಯ ಹಚ್ಚೋದಾದ್ರ ಶ್ರುತಿ ಕೂಡಸ್ರಿ. ಪೇಟಿ ಲೆಕ್ಕದಾಗ ಕಪ್ಪು ಒಂದೋ ಬಿಳಿ ನಾಲ್ಕೋ (ಯಾವ ಮಣಿ ಷಡ್ಜ ಅನ್ನೋದು) ನೋಡಿ ಆ್ಯಪಿನ್ಯಾಗ ಸರಿ ಮಾಡಕೊಳ್ರಿ. ಶ್ರುತಿ ತಪ್ಪಿದ ತಂಬೂರಿಗಿಂತ ಕುಕ್ಕರ್ ಸೀಟಿ ಪಾಡ.

ಬಡದಾಟಕ್ಕ ಡೊಳ್ಳು, ಜಗ್ಗಲಿಗಿ ಹಚ್ಚಿದ್ರ ಹೆಂಗ?

ಭಾರಿ ಆಗತೈತಿ, ಹತ್ತ ನಿಮಿಷ. ಹೋಳಿ ಹುಣ್ಣಿವಿ ಆಗಿ ರಂಗಪಂಚಮಿ ಬರೋತನಾ ಹುಬ್ಬಳ್ಳಿಯಾಗ ಇದ್ದವರಿಗೆ ಗೊತ್ತೈತಿ, ಬಂಡಿ ಗಾಲಿಯಷ್ಟ ದೊಡ್ಡ ಜಗ್ಗಲಿಗಿ ಓಣ್ಯಾಗ ಬಂದ್ರ ಕಿಟಕಿ ಗಾಜು ನಡಗತಾವ. ನಾ ಮೊಬೈಲಿನ್ಯಾಗ ರೆಕಾರ್ಡ್ ಮಾಡಕೊಂಡೇನಿ. ತೊಂದರಿ ಏನಂದ್ರ ಲೆಕ್ಕದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಈಗಿನ ನಿಯಮದಾಗ ಒಂದ ರೌಂಡ್ (ಎಲ್ಲಾರ ಪಾಳಿ ಒಮ್ಮೆ ಬರೋದು) ಅಂದ್ರ 6 ಸೆಕೆಂಡ್, ಐದು ರೌಂಡಿನ ಬಡದಾಟ ಕಥಿಯಾಗ ಅರ್ಧ ನಿಮಿಷಾ ಅಷ್ಟ. ಟೇಬಲ್ ಮ್ಯಾಲ ಅದು ಮುಕ್ಕಾಲು ತಾಸು ತಗೋತೈತಿ, ಯಾಕಂದ್ರ ಒಬ್ಬಾವ ಮಂತ್ರದ ಪುಟ ಹುಡುಕತಾನ, ಒಬ್ಬಾವ ಫೋನ್ ಎತ್ತತಾನ, ಇನ್ನೊಬ್ಬಾವ ಮಿರ್ಚಿ ಬಜಿ ಇನ್ನ ಅದಾವೇನು ಅಂತಾನ. ಮುಕ್ಕಾಲು ತಾಸು ಜಗ್ಗಲಿಗಿ ಬಡದ್ರ ತಲಿನೋವಿನ ಗುಳಗಿ ತರಸಬೇಕಾಗತೈತಿ.

ಅದಕ್ಕ ಇನಿಶಿಯೇಟಿವ್ (ಯಾರ ಪಾಳಿ ಮೊದಲ ಅಂತ ಹೇಳೋ ದಾಳ) ಒಗಿಯುವಾಗ ಮತ್ತ ಮೊದಲನೇ ರೌಂಡಿಗೆ ಪೂರಾ ಬಡತ, ಆಮ್ಯಾಲ ಅದನ್ನ ಕೇಳಿಸೂ ಕೇಳಿಸದಂಗ ಇಳಿಸಿ ಬಿಡೋದು. ಲೆಕ್ಕ ನೋಡ್ರಿ, ಪುಟ ತಿರವ್ರಿ, ಬಜಿ ತಿನ್ರಿ. ದೊಡ್ಡ ರಾಕ್ಷಸ ಅರ್ಧ ಸತ್ತಾಗ, ಇಲ್ಲಾ ನಮ್ಮವರು ಯಾರರ ಕೆಳಗ ಬಿದ್ದಾಗ ಮತ್ತ ಏರಸೋದು. ಬಯಲಾಟದಾಗೂ ರಾಕ್ಷಸ ವೇಷ ಬರುವಾಗ ಮದ್ದಳಿ ಆರ್ಭಟ ಮಾಡತೈತಿ, ಅವ ಬಂದು ಮಾತಾಡಾಕ ನಿಂತ ಮ್ಯಾಲ ಸುಮ್ಮನಾಗತೈತಿ.

ಟ್ಯಾವರ್ನ್ (ಸೆರಿ, ಊಟ ಸಿಗೋ ವಿಲಾಯತಿ ಅಂಗಡಿ) ಸೀನಿಗೆ ಏನ ಹಚ್ಚತೀರಿ?

ನಮ್ಮ ಟ್ಯಾವರ್ನ್ ಖಾನಾವಳಿ ಆಗಿ ಭಾಳ ದಿನಾ ಆತು. ಇಂಟರ್ನೆಟ್‌ನ್ಯಾಗ ಸಿಗೋ ಟ್ಯಾವರ್ನ್ ಸಪ್ಪಳದಾಗ ಬೀರ್ ಮಗ್ ತಾಗಿಸೋದು, ಯಾರೋ ವಿಲಾಯತಿ ನಗು ನಗೋದು ಇರತೈತಿ, ನಮ್ಮ ಕಥಿ ನಡಿಯೋದು ಲಕ್ಕುಂಡಿಯಾಗ, ಕಲ್ಯಾಣಿ ಚಾಲುಕ್ಯರ ಕಾಲದಾಗ, ಅತ್ತಿಮಬ್ಬಿ 1007ರಾಗ ಬ್ರಹ್ಮ ಜಿನಾಲಯ ಕಟ್ಟಿಸಿದ ಮ್ಯಾಲ ಒಂದ ಐವತ್ತು ವರ್ಷಕ್ಕ. ಅದಕ್ಕ ಒಂದ ಮಧ್ಯಾಹ್ನ ಖಾನಾವಳಿಯಾಗ ಮಾಲಕರನ್ನ ಕೇಳಿ ಅಡಗಿ ಮನಿ ಬಾಗಲದಾಗ ಮೊಬೈಲ್ ಇಟ್ಟು ಹದಿನೈದು ನಿಮಿಷ ರೆಕಾರ್ಡ್ ಮಾಡಕೊಂಡೆ. ರೊಟ್ಟಿ ಬಡಿಯೋದು ಪಟಪಟ ಪಟಪಟ, ನಡುವ ಹಂಚಿನ ಮ್ಯಾಲ ನೀರ ಸವರಿದ್ದು ಚುಂಯ್, ದೂರ ತಾಟಿನ ಸಪ್ಪಳ, "ಇನ್ನೊಂದ ರೊಟ್ಟಿ ತರ್ರೀ" ಅಂತ ಒಬ್ಬಾವ. ಇದನ್ನ ಹಚ್ಚಿದ ದಿನ ಯಾರೂ ವಿವರಣಿ ಕೇಳಲಿಲ್ಲ, ನಮ್ಮ ಕಳ್ಳನ ಪಾತ್ರದಾವ ಸೀದಾ ಶೇಂಗಾ ಚಟ್ನಿ ಕೇಳಿದ. ಆ ಕಾಲಕ್ಕ ಶೇಂಗಾ ಇಲ್ಲಿಗೆ ಬಂದಿದ್ದಿಲ್ಲಪಾ ಅಂತ ನಾ ಜಗಳಾ ತಗದೆ, ಅದು ಬ್ಯಾರೆ ಕಥಿ.

ನೀವ ರೆಕಾರ್ಡ್ ಮಾಡಿದ ಸಪ್ಪಳಕ್ಕ ಇರೋ ಬೆಲಿ ಬ್ಯಾರೆ ಯಾವದಕ್ಕೂ ಇಲ್ಲ. ಉಣಕಲ್ ಕೆರಿ ದಂಡಿಗೆ ಮಳಿ ಆದ ರಾತ್ರಿ ಕಪ್ಪಿ ವಟಗುಟ್ಟೋದು, ಬಂಕಾಪುರದ ಕೋಟಿ ಕಡೆ ಮುಂಜಾನಿ ನವಿಲು, ಲಕ್ಕುಂಡಿ ಮುಸುಕಿನ ಬಾವಿ ಮೆಟ್ಟಲದ ಮ್ಯಾಲ ನಿಂತ್ರ ಪಾರಿವಾಳದ ರೆಕ್ಕಿ ಸಪ್ಪಳ. ಗಾಳಿ ಇದ್ದರ ಮೈಕಿನ ಮ್ಯಾಲ ತೆಳು ದಸ್ತಿ ಮುಚ್ರಿ, ಫೋನ್ ಕೈಯಾಗ ಹಿಡೀಬ್ಯಾಡ್ರಿ ಕಲ್ಲಿನ ಮ್ಯಾಲ ಇಡ್ರಿ, ಮತ್ತ ನೀವು ಉಸರಾಡೋದೂ ಬರತೈತಿ, ದೂರ ಸರೀರಿ. ಹತ್ತ ನಿಮಿಷಕ್ಕಿಂತ ಕಡಿಮಿ ಮಾಡಬ್ಯಾಡ್ರಿ, ಎರಡು ನಿಮಿಷದ ಲೂಪಿನ್ಯಾಗ ಅದ ನವಿಲು ಅದ ಹೊತ್ತಿಗೆ ಕೂಗಿದ್ರ ಮಂದಿ ಎಣಸಾಕ ಶುರು ಮಾಡತಾರ.

ಎಷ್ಟ ಟ್ರ್ಯಾಕ್ ಇಟಗೋಬೇಕು?

ಆರು. ಊರು, ಹಾದಿ, ಕತ್ತಲ, ಬಡದಾಟ, ದುಃಖ, ಒಂದ ವಿಚಿತ್ರ. ನಾ ಒಮ್ಮೆ ಇನ್ನೂರು ಟ್ರ್ಯಾಕ್ ಫೋಲ್ಡರ್ ಮಾಡಿ ಕೂತಿದ್ದೆ, ಹುಡುಕೋದರಾಗ ಸೀನ್ ಮುಗದು ಹೋಗತಿತ್ತು.

ಯಾವ ಆ್ಯಪ್ ಪಾಡ? ರೊಕ್ಕ ಕೊಡಬೇಕೇನು?

ರೊಕ್ಕ ಇಲ್ಲದ ಶುರು ಮಾಡಾಕ ಟೇಬಲ್‌ಟಾಪ್ ಆಡಿಯೋ ಅನ್ನೋ ಸೈಟ್ ಐತಿ, ಇದ ಆಟಕ್ಕಂತನ ಮಾಡಿದ್ದು, ಹತ್ತ ಹತ್ತ ನಿಮಿಷದ ಸಪ್ಪಳ, ನಡುವ ಜಾಹೀರಾತ ಇಲ್ಲ. ಸಿರಿನ್‌ಸ್ಕೇಪ್ ಅನ್ನೋದು ಬಟನ್ ಒತ್ತಿದ್ರ ಒಂದೊಂದ ಸಪ್ಪಳ ಬರೋ ಜಾತಿದು, ಪೂರಾ ಬೇಕಂದ್ರ ರೊಕ್ಕ. ಸ್ಪಾಟಿಫೈ ಇದ್ದರ ಸೆಟ್ಟಿಂಗಿನ್ಯಾಗ ಕ್ರಾಸ್‌ಫೇಡ್ ಹುಡುಕ್ರಿ, 12 ಸೆಕೆಂಡ್ ತನಕಾ ಇಡಾಕ ಬರತೈತಿ, ಒಂದ ಟ್ರ್ಯಾಕ್ ಕರಗಿ ಇನ್ನೊಂದು ಏಳತೈತಿ, ನಡುವಿನ ಖಾಲಿ ಕೇಳಸಂಗಿಲ್ಲ.

ಫುಕಟ್ ಅಕೌಂಟಿನ ಜಾಹೀರಾತ ಮಾತ್ರ ಆಟ ಕೊಲ್ಲತೈತಿ. ನಿಮಗ ಆಗೋ ಮೊದಲ ಅಪಘಾತ ಅದ ಇರತೈತಿ, ಬರದ ಕೊಡತೀನಿ. ಸಾವಿರ ವರ್ಷದಿಂದ ಮುಚ್ಚಿದ ಬಾಗಲ ತಗದೀವಿ, ಒಳಗ ಒಂದ ದನಿ ಮಾತಾಡತೈತಿ ಅಂತ ನಾ ಹೇಳಿದೆ, ಮಾತಾಡ್ತು, ಗೃಹಸಾಲದ ಬಡ್ಡಿ ದರ ಹೇಳ್ತು. ಅವತ್ತಿನಿಂದ ಎಲ್ಲಾ ಡೌನ್‌ಲೋಡ್ ಮಾಡಿದ ಫೈಲ್, ಫೋನ್ ಫ್ಲೈಟ್ ಮೋಡಿನ್ಯಾಗ. ಫ್ಲೈಟ್ ಮೋಡ್ ಇನ್ನೊಂದಕ್ಕೂ ಬೇಕು, ಸ್ಪೀಕರಿಗೆ ಹಚ್ಚಿದ ಫೋನಿಗೆ ಅವ್ವನ ಕಾಲ್ ಬಂದ್ರ ಅದೂ ಸ್ಪೀಕರಿನ್ಯಾಗ ಬರತೈತಿ.

ಬ್ಲೂಟೂತ್ ಸ್ಪೀಕರಿನ್ಯಾಗ ಸಪ್ಪಳ ಒಂದ ತುಸು ತಡಾ ಆಗಿ ಬರತೈತಿ. ಮ್ಯೂಸಿಕ್ಕಿಗೆ ಏನೂ ಅನಸಂಗಿಲ್ಲ, ಆದ್ರ ಬಾಗಲ ಕಿರ್ ಅನ್ನೋದು, ಗುಡಗು ಇಂಥಾವನ್ನ ಮಾತಿಗೆ ಸರಿಯಾಗಿ ಒತ್ತಬೇಕಂದ್ರ ವಾಯರ್ ಹಚ್ರಿ. ನಾ ಅಂತೂ ಬಾಗಲ ಬಾಯಿಲೇ ಕಿರ್ ಅನಸತೀನಿ.

ಆನ್‌ಲೈನ್ ಆಡತೀವಿ, ಡಿಸ್ಕಾರ್ಡ್ ಅನ್ನೋ ಮಾತಾಡೋ ಆ್ಯಪಿನ್ಯಾಗ. ಹೆಂಗ?

ಮೈಕಿನ ಮುಂದ ಸ್ಪೀಕರ್ ಇಡಬ್ಯಾಡ್ರಿ, ಡಿಸ್ಕಾರ್ಡ್ ತನ್ನ ನಾಯ್ಸ್ ಸಪ್ರೆಶನ್ನಿನ್ಯಾಗ ಮ್ಯೂಸಿಕ್ಕನ್ನ ಕಸ ಅಂತ ತಿಳದು ಹರದು ಹಾಕತೈತಿ. ಮೊದಲ ಗ್ರೂವಿ, ರಿದಮ್ ಅಂತ ಮ್ಯೂಸಿಕ್ ಬಾಟ್ ಇದ್ದವು, ಯೂಟ್ಯೂಬಿನ ತಕರಾರಿನಿಂದ 2021ರಾಗ ಎರಡೂ ಬಂದ್ ಆದವು, ಹಳೇ ವಿಡಿಯೋದಾಗ ತೋರಿಸಿದಂಗ ಅವು ಸಿಗತಾವ ಅನಕೋಬ್ಯಾಡ್ರಿ. ಈ ಆಟ ಆನ್‌ಲೈನ್ ಆಡಾಕಂತನ ಇರೋ ರೋಲ್20 ಒಳಗ ಜ್ಯೂಕ್‌ಬಾಕ್ಸ್ ಐತಿ, ಅಂಥಾದ್ದ ಫೌಂಡ್ರಿಯಾಗ ಪ್ಲೇಲಿಸ್ಟ್ ಐತಿ, ಅಲ್ಲಿಂದ ಹಚ್ಚಿದ್ರ ಒಬ್ಬೊಬ್ಬರು ತಮ್ಮ ತಮ್ಮ ಕಡೆ ದನಿ ಏರಿಸಿ ಇಳಿಸಿಕೋಬಹುದು. ಖರೇ ಹೇಳಬೇಕಂದ್ರ ಇದೊಂದರಾಗ ಆನ್‌ಲೈನ್ ಆಟ ನಮ್ಮ ಮಹಡಿ ಆಟಕ್ಕಿಂತ ಛಲೋ.

ನಮ್ಮೊಳಗ ಒಬ್ಬಾವಗ ಮ್ಯೂಸಿಕ್ ಸೇರಂಗಿಲ್ಲ.

ಬಂದ್ ಮಾಡ್ರಿ. ಹಿಂದ ಸಪ್ಪಳ ಇದ್ದರ ಕೆಲವರಿಗೆ ಮಾತು ಬಿಡಿಸಿ ಕೇಳಾಕ ಆಗಂಗಿಲ್ಲ, ಕಿವಿಗೆ ಮಷಿನ್ ಹಾಕೊಂಡವರಿಗಂತೂ ಭಾಳ ತ್ರಾಸ. ಎಲ್ಲಾರ ಮುಂದ ಕೇಳಬ್ಯಾಡ್ರಿ, ಎಲ್ಲಾರ ಮುಂದ ಅವ ಪರವಾಗಿಲ್ಲ ಅಂತ ಅಂತಾನ. ಬಸ್ ಸ್ಟಾಪಿಗೆ ಬಿಡಾಕ ಹೋದಾಗ ಕೇಳ್ರಿ.

ಕಾಪಿರೈಟ್ ತ್ರಾಸ ಐತೇನು?

ಮನ್ಯಾಗ ಐದು ಮಂದಿ ಗೆಳೆಯರು ಕೂತು ಕೇಳಾಕ ಯಾರೂ ಏನೂ ಅನ್ನಂಗಿಲ್ಲ. ಕೆಫೆದಾಗ ಹಚ್ಚೋದಾದ್ರ ಅದು ಸಾರ್ವಜನಿಕ, ಐಪಿಆರ್‌ಎಸ್, ಪಿಪಿಎಲ್ ಇಂಥಾ ಹಾಡಿನ ಹಕ್ಕು ನೋಡಕೊಳ್ಳೋ ಸಂಸ್ಥಾದವರ ಲೈಸೆನ್ಸ್ ಕೆಫೆದವರು ತಗೋಬೇಕಾಗತೈತಿ, ಮಾಲಕರನ್ನ ಮೊದಲ ಕೇಳ್ರಿ. ಆಟ ಯೂಟ್ಯೂಬಿಗೆ ಹಾಕೋದಾದ್ರ ಹುಷಾರ. ರಾಗ ಯಾರಪ್ಪಂದೂ ಅಲ್ಲ, ಆದ್ರ ಅದನ್ನ ಬಾರಿಸಿದ ರೆಕಾರ್ಡಿಂಗಿಗೆ ಮಾಲಕರು ಇರತಾರ, ನಮ್ಮ ದೇಶದಾಗ ರೆಕಾರ್ಡಿಂಗ್ ಹಕ್ಕು ಪ್ರಕಟ ಆದ ಮ್ಯಾಲ 60 ವರ್ಷ. ನಿಮ್ಮ ಖಾನಾವಳಿ ಸಪ್ಪಳಕ್ಕ ಈ ಕಾಟ ಇಲ್ಲ, ನಿಮ್ಮ ತಂಗಿ ಬಾರಿಸಿದ ಪೇಟಿಗೂ ಇಲ್ಲ. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮ್ಯಾಲ ಫುಕಟ್ ಬಳಸಾಕ ಬಿಟ್ಟ) ಟ್ರ್ಯಾಕ್ ತಗೊಂಡ್ರ ಹೆಸರ ಹಾಕೋದು ಮರೀಬ್ಯಾಡ್ರಿ, ಕೆಲವಕ್ಕ ರೊಕ್ಕ ಗಳಿಸೋ ವಿಡಿಯೋಕ್ಕ ಬಳಸಬಾರದು ಅಂತ ಷರತ್ತೂ ಇರತೈತಿ, ಓದ್ರಿ.

ರಾತ್ರಿ ಬಾಜೂ ಮನಿಯವರು ಬೈತಾರ.

ಬೈಯಲಿ, ಅವರದೇನ ತಪ್ಪಿಲ್ಲ. ಶಬ್ದ ಮಾಲಿನ್ಯದ ನಿಯಮದಾಗ ರಾತ್ರಿ 10ರಿಂದ ಮುಂಜಾನಿ 6ರ ತನಕಾ ವಸತಿ ಏರಿಯಾದಾಗ 45 ಡೆಸಿಬೆಲ್ ಅಷ್ಟ, ನಾವು ಮಾತಾಡೋದ ಸುಮಾರು 60 ಇರತೈತಿ. ಹತ್ತಾತು ಅಂದ್ರ ನಮ್ಮಲ್ಲೆ ಸ್ಪೀಕರ್ ಬಂದ್, ಕಿಟಕಿ ಬಂದ್. ಮ್ಯೂಸಿಕ್ಕಿಗಿಂತ ಇಪ್ಪತ್ತು ಮುಖದ ದಾಳದಾಗ ಇಪ್ಪತ್ತು ಬಿದ್ದಾಗ ಒದರೋದು ಹೆಚ್ಚು ತ್ರಾಸ ಕೊಡತೈತಿ ಅಂತ ಬಾಜೂ ಮನಿ ಅಕ್ಕಾರು ಹೇಳ್ಯಾರ, ಅದಕ್ಕ ಔಷಧ ಇಲ್ಲ.

ಯಾವಾಗ ಬಂದ್ ಮಾಡಬೇಕು?

ಒಬ್ಬಾವ ಪಾತ್ರದೊಳಗ ಹೊಕ್ಕು ಮಾತಾಡಾಕ ಶುರು ಮಾಡಿದ್ನಂದ್ರ ಇಳಸ್ರಿ, ಉಳದವರು ಕುರ್ಚಿಯಾಗ ಮುಂದ ಸರದ್ರಂದ್ರ ಬಂದ್ ಮಾಡ್ರಿ. ಒಮ್ಮೆಲೆ ಅಲ್ಲ, ಹತ್ತ ಸೆಕೆಂಡ್ ಹಿಡದು ಇಳಸ್ರಿ. ಒಮ್ಮೆಲೆ ಬಂದ್ ಮಾಡೋದು ಬೇಕಾಗೋದು ಒಂದ ಕಡೆ ಅಷ್ಟ. ಮುಸುಕಿನ ಬಾವಿ ಸೀನಿನ್ಯಾಗ ನಾವು ಎರಡು ತಾಸು ಬರೇ ತಂಬೂರಿ ಹಚ್ಚಿದ್ವಿ, ನಿಷಾದದ್ದು. ಮೆಟ್ಟಲ ಇಳದರು, ಗೋಡ್ಯಾಗಿನ ಸಣ್ಣ ಸಣ್ಣ ಗೂಡಿನ ಗುಡಿ ಒಂದೊಂದ ನೋಡಿದ್ರು, ಕಿವಿಗೆ ತಂಬೂರಿ ರೂಢಿ ಆಗಿ ಅದು ಐತಿ ಅನ್ನೋದ ಮರತಿದ್ರು. ಕಡೀ ಮೆಟ್ಟಲದ ಮ್ಯಾಲ ಗದಗದಾಕಿ ಬಗ್ಗಿ ನೀರಿಗೆ ಕೈ ಹಚ್ಚತೀನಿ ಅಂದ್ಲು, ನಾ ಏನೂ ಮಾತಾಡಲಿಲ್ಲ, ತಂಬೂರಿ ನಿಲ್ಲಿಸಿದೆ. ಫ್ಯಾನಿನ ಸಪ್ಪಳ ಒಂದ ಉಳೀತು. ನಾಲ್ಕೂ ಮಂದಿ ಒಮ್ಮೆಗೇ ನನ್ನ ಮಾರಿ ನೋಡಿದ್ರು, ಆಕಿ ಖರೇನ ತನ್ನ ಕೈ ಟೇಬಲ್ ಮ್ಯಾಲಿಂದ ಹಿಂದ ತಗೊಂಡ್ಲು. ನೀರಾಗ ಏನಿತ್ತು ಅಂತ ನಂಗೂ ಇನ್ನೂ ಗೊತ್ತಿದ್ದಿಲ್ಲ, ಆಮ್ಯಾಲ ಕೂತು ಹುಟ್ಟಿಸಿದೆ.

ಕರೆಂಟ್ ಹೋದ್ರ?

ಮೇಣಬತ್ತಿ ಹಚ್ರಿ, ಆಡ್ರಿ. ನಮ್ಮ ಛಲೋ ಸೆಶನ್‌ದಾಗ ಎರಡು ಹಂಗ ಆಗಿದ್ದು.

ಸೆಶನ್ ಮುಗಿಯುವಾಗ ಏನ ಹಚ್ಚತೀರಿ?

ಭೈರವಿ. ಕಛೇರಿ ಭೈರವಿಯಿಂದ ಮುಗಸೋದು ನಮ್ಮ ಕಡೆ ರೂಢಿ, ಕಾಕಾನೂ ಇದಕ್ಕೊಂದಕ್ಕ ತಕರಾರ ಮಾಡಿಲ್ಲ. ಒಂದ ಎಚ್ಚರಕಿ: ಅದು ಕಿವಿಗೆ ಬಿದ್ದ ಕೂಡಲೇ ಧಾರವಾಡದವರಿಬ್ಬರೂ ಚಪ್ಪಲ್ ಹುಡುಕಾಕ ಹೋಗತಾರ, ಅದಕ್ಕ ಎಕ್ಸ್‌ಪೀರಿಯನ್ಸ್ ಪಾಯಿಂಟ್ (ಅವತ್ತಿನ ಆಟಕ್ಕ ಪಾತ್ರಕ್ಕ ಸಿಕ್ಕ ಅಂಕ) ಹೇಳಿ, ಮುಂದಿನ ರವಿವಾರ ಎಷ್ಟಕ್ಕ ಅಂತ ಖಾತ್ರಿ ಮಾಡಿ, ಗಿರ್ಮಿಟ್ ರೊಕ್ಕ ಯಾರ ಕೊಡಾವರು ಅನ್ನೋದು ತೀರ್ಮಾನ ಆದ ಮ್ಯಾಲ ಹಚ್ರಿ.